ಬಿಲ್ಲಲ್ಲಿ ಪಿಎಫ್ (ಪವರ್ ಫ್ಯಾಕ್ಟರ್) 0.78 ಬರ್ತಿದೆ, ಎಪಿಎಫ್‌ಸಿ (ಪಿಎಫ್ ತಾನೇ ಸರಿ ಮಾಡೋ) ಪ್ಯಾನೆಲ್ ಹಾಕಿದ್ರೆ ನಿಜವಾಗ್ಲೂ ಯೂನಿಟ್ ಕಮ್ಮಿ ಆಗತ್ತಾ?

ಶೆಡ್_ಹದಿನಾಲ್ಕು:

ನಮಸ್ಕಾರ ಎಲ್ರಿಗೂ. ಪೀಣ್ಯ ಎರಡನೇ ಹಂತದಲ್ಲಿ ನಮ್ದೊಂದು ಚಿಕ್ಕ ಮೆಷಿನ್ ಶಾಪ್ ಇದೆ, ಐದು ಲೇತು, ಎರಡು ಮಿಲ್ಲಿಂಗು, ಒಂದು ಸಿಎನ್‌ಸಿ, ಒಂದು ಪವರ್ ಪ್ರೆಸ್ಸು, ಕಂಪ್ರೆಸರ್ರು, ಮೂಲೇಲಿ ಒಂದು ವೆಲ್ಡಿಂಗ್ ಸೆಟ್ಟು. ಎಲ್‌ಟಿ (ಲೋ ಟೆನ್ಷನ್) ಕನೆಕ್ಷನ್ನು, 75 ಎಚ್‌ಪಿ ಸ್ಯಾಂಕ್ಷನ್ ಆಗಿದೆ, ತಿಂಗಳಿಗೆ ಹತ್ತಿರ ಹತ್ತಿರ 7,800 ಯೂನಿಟ್ ಬರತ್ತೆ, ರೆಕಾರ್ಡೆಡ್ ಡಿಮ್ಯಾಂಡ್ 41 ಕಿಲೋವ್ಯಾಟ್. ಇಷ್ಟು ವರ್ಷ ನಾನು ಬಿಲ್ಲಲ್ಲಿ ಕೊನೇಗೆ ಎಷ್ಟು ಕಟ್ಬೇಕು ಅನ್ನೋದು ಮಾತ್ರ ನೋಡ್ತಿದ್ದೆ, ಈಗ ಮೂರು ತಿಂಗಳಿಂದ ಪವರ್ ಫ್ಯಾಕ್ಟರ್ 0.78 ಅಂತ ಬರ್ತಿದೆ, ಅದರ ಕೆಳಗೆ ಪೆನಾಲ್ಟಿ ಅಂತ ಒಂದು ಮೊತ್ತನೂ ಸೇರ್ತಿದೆ.

ಹೋದ ವಾರ ಒಬ್ರು ಪ್ಯಾನೆಲ್ ಮಾರೋರು ಬಂದಿದ್ರು. 50 ಕೆವಿಎಆರ್ ಆಟೋಮ್ಯಾಟಿಕ್ ಪ್ಯಾನೆಲ್ ಹಾಕೊಳ್ಳಿ ಸರ್, 1 ಲಕ್ಷ 35 ಸಾವಿರ ಆಗತ್ತೆ, ಯೂನಿಟ್ಟಲ್ಲೇ 25% ಇಳಿಯತ್ತೆ, ಒಂದೂವರೆ ವರ್ಷಕ್ಕೆ ದುಡ್ಡು ವಾಪಸ್ ಬರತ್ತೆ ಅಂತ ಹೇಳಿ ಕೊಟೇಶನ್ ಇಟ್ಟು ಹೋಗಿದಾರೆ. ಆರ್ಡರ್ ಮೊದಲೇ ಕಮ್ಮಿ ಇರೋ ಟೈಮು, ಲಕ್ಷ ಅಂದ್ರೆ ಯೋಚನೆ ಮಾಡ್ಬೇಕಾಗತ್ತೆ. ನಿಜವಾಗ್ಲೂ ಕಾಲುಭಾಗ ಉಳಿಯತ್ತೆ ಅಂದ್ರೆ ಸಾಲ ಮಾಡಿಯಾದ್ರೂ ಹಾಕಿಸ್ತೀನಿ. ಯಾರಾದ್ರೂ ಹಾಕಿಸಿರೋರು ಇದ್ರೆ ದಯವಿಟ್ಟು ಹೇಳಿ.

ಟಾಂಗ್_ಟೆಸ್ಟರ್:

ಸರ್, ನಾನು ಎಲೆಕ್ಟ್ರಿಕಲ್ ಕಂಟ್ರಾಕ್ಟರು, ಇಂಥ ಪ್ಯಾನೆಲ್ ನಾನೂ ಹಾಕ್ತೀನಿ, ಅದಕ್ಕೇ ಹೇಳ್ತಿದೀನಿ, ಆ 25% ಮಾತು ನಂಬ್ಬೇಡಿ. ಯೂನಿಟ್ ಅಷ್ಟು ಇಳಿಯಲ್ಲ, ಇಳಿಯೋಕೆ ದಾರೀನೇ ಇಲ್ಲ.

ನಿಮ್ಮ ಮೋಟಾರಿಗೆ ಎರಡು ಥರ ಕರೆಂಟ್ ಬೇಕು, ಒಂದು ಕೆಲಸ ಮಾಡೋದು, ಇನ್ನೊಂದು ಮೋಟಾರ್ ಒಳಗೆ ಮ್ಯಾಗ್ನೆಟಿಕ್ ಫೀಲ್ಡ್ ಕಟ್ಟೋಕೆ ಹೋಗಿ ಬಂದು ಹೋಗಿ ಬಂದು ಮಾಡೋದು. ಮಾರ್ಕೆಟ್ಟಿಂದ ಬರೋ ಬಸ್ ನೆನೆಸ್ಕೊಳ್ಳಿ, ಅರ್ಧ ಬಸ್ಸಲ್ಲಿ ಜನ, ಅರ್ಧದಲ್ಲಿ ಮೂಟೆ. ಕಂಡಕ್ಟರ್ ಟಿಕೆಟ್ ಹರಿಯೋದು ಜನಕ್ಕೆ ಮಾತ್ರ, ಆದ್ರೆ ಬಸ್ ತುಂಬೋದು ಎರಡರಿಂದಾನೂ. ನಿಮ್ಮ ಯೂನಿಟ್ ಮೀಟರ್ ಟಿಕೆಟ್ ಲೆಕ್ಕ ಹಾಕತ್ತೆ, ಕೇಬಲ್ಲು ಟ್ರಾನ್ಸ್‌ಫಾರ್ಮರು ಮೂಟೇನೂ ಹೊರತ್ತೆ. ಒಟ್ಟು ಭಾರದಲ್ಲಿ ಜನರ ಪಾಲು ಎಷ್ಟು ಅನ್ನೋದೇ ಪವರ್ ಫ್ಯಾಕ್ಟರು, ಮೂಟೆಯ ಅಳತೆ ಕೆವಿಎಆರ್. ಆ ಪ್ಯಾನೆಲ್ ಒಳಗಿರೋದು ಕೆಪಾಸಿಟರ್ರೇ, ಕೆಪಾಸಿಟರ್ ಹಾಕೋದು ಅಂದ್ರೆ ಆ ಮೂಟೇನ ನಿಮ್ಮ ಶೆಡ್ಡಲ್ಲೇ ಇಟ್ಕೊಂಡು ಬಸ್ಸಿಗೆ ಹತ್ತಿಸ್ದೇ ಇರೋದು. ಜನ ಅಷ್ಟೇ ಇರ್ತಾರೆ, ಹಾಗಾಗಿ ಟಿಕೆಟ್ಟೂ ಅಷ್ಟೇ.

ಹಾಗಾದ್ರೆ ಏನು ಉಳಿಯತ್ತೆ ಅಂದ್ರೆ ಮೊದಲನೇದು ಪೆನಾಲ್ಟಿ. ನಮ್ಮಲ್ಲಿ ಎಲ್‌ಟಿಗೆ 0.85 ಮಿತಿ, ಅದಕ್ಕಿಂತ ಕೆಳಗೆ ಪ್ರತಿ 0.01ಕ್ಕೆ ಯೂನಿಟ್ಟಿಗೆ 3 ಪೈಸೆ. ನಿಮ್ದು 0.78 ಅಂದ್ರೆ 7 ಪಾಯಿಂಟ್ ಕೆಳಗೆ, 21 ಪೈಸೆ, 7,800 ಯೂನಿಟ್ಟಿಗೆ 1,638 ರೂಪಾಯಿ, ನಿಮ್ಮ ಬಿಲ್ಲಲ್ಲಿ ಇಷ್ಟೇ ಇರ್ಬೇಕು ಒಂದ್ಸಲ ನೋಡಿ. ವರ್ಷಕ್ಕೆ 19,656. ಈ ದುಡ್ಡಲ್ಲಿ 1 ಲಕ್ಷ 35 ಸಾವಿರ ತೀರೋಕೆ ಹತ್ತಿರ ಏಳು ವರ್ಷ ಬೇಕು, ಒಂದೂವರೆ ವರ್ಷ ಅಲ್ಲ.

ಎರಡನೇದು ಕೇಬಲ್ ಬಿಸಿ. ಮೀಟರಿಂದ ಮೇನ್ ಬೋರ್ಡಿಗೆ 25 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಕೇಬಲ್ 40 ಮೀಟರ್ ಇದೆ ಅಂತ ಇಟ್ಕೊಳ್ಳಿ. ಸರಾಸರಿ 30 ಕಿಲೋವ್ಯಾಟ್ ಲೋಡಲ್ಲಿ 0.78ಕ್ಕೆ 53 ಆಂಪ್ಸ್ ಹರಿಯತ್ತೆ, 0.97ಕ್ಕೆ ತಂದ್ರೆ 43. ಲಾಸ್ ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ ಇಳಿಯೋದ್ರಿಂದ ಸುಮಾರು 150 ವ್ಯಾಟ್ ಉಳಿಯತ್ತೆ, ದಿನಕ್ಕೆ ಹತ್ತು ಗಂಟೆ 26 ದಿನ ಓಡಿಸಿದ್ರೆ ತಿಂಗಳಿಗೆ 40 ಯೂನಿಟ್ ಒಳಗೆ. 7,800ರಲ್ಲಿ ಅರ್ಧ ಪರ್ಸೆಂಟು. ಯೂನಿಟ್ಟಲ್ಲಿ ಉಳಿಯೋದು ಇಷ್ಟೇ, ಅದೂ ಪ್ಯಾನೆಲ್ಲಿಗಿಂತ ಹಿಂದಿರೋ ಕೇಬಲ್ಲಲ್ಲಿ ಮಾತ್ರ, ಪ್ಯಾನೆಲ್ಲಿಂದ ಲೇತಿಗೆ ಹೋಗೋ ವೈರಲ್ಲಿ ಹಳೇ ಕರೆಂಟೇ ಹರೀತಿರತ್ತೆ.

ಸೈಜೂ ಜಾಸ್ತಿ ಹೇಳಿದಾರೆ. 41 ಕಿಲೋವ್ಯಾಟಿಗೆ 0.78ರಿಂದ 0.97ಕ್ಕೆ ಹೋಗೋಕೆ 41 ಇಂಟು (0.802 ಮೈನಸ್ 0.251), ಅಂದ್ರೆ 22.6 ಕೆವಿಎಆರ್ ಸಾಕು.

ದುಡ್ಡು ಬಿಚ್ಚೋಕೆ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಬೋರ್ಡ್ ಪಕ್ಕ ಹಳೇ ಕೆಪಾಸಿಟರ್ ಡಬ್ಬ ಇದ್ದೇ ಇರತ್ತೆ, ಕನೆಕ್ಷನ್ ತಗೊಳ್ಳೋವಾಗ ಹಾಕಿಸಿರ್ತಾರೆ. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ ಒಂದೊಂದು ಡಬ್ಬದ ಮೂರೂ ಫೇಸಿಗೆ ಟಾಂಗ್ ಟೆಸ್ಟರ್ (ವೈರ್ ಸುತ್ತ ಹಿಡಿದು ಆಂಪ್ಸ್ ನೋಡೋ ಮೀಟರ್) ಹಾಕಿಸಿ, ಎಷ್ಟು ಆಂಪ್ಸ್ ಬಂತು ಇಲ್ಲಿ ಬರೀರಿ. 440 ವೋಲ್ಟಿನ 5 ಕೆವಿಎಆರ್ ಡಬ್ಬ ನಮ್ಮ 415 ವೋಲ್ಟಲ್ಲಿ ಫೇಸಿಗೆ 6.2 ಆಂಪ್ಸ್ ಎಳೀಬೇಕು.

ಲಗ್ಗೆರೆ_ವೈಂಡಿಂಗ್:

ಮೇಲಿನವರು ಹೇಳಿದ್ದು ಸರಿ. ನಾನು 22 ವರ್ಷದಿಂದ ಮೋಟಾರ್ ವೈಂಡಿಂಗ್ ಮಾಡ್ತಿದೀನಿ, ಇದನ್ನೂ ಸೇರಿಸ್ಕೊಳ್ಳಿ. 5 ಎಚ್‌ಪಿ ಸಾಕಾಗೋ ಲೇತಿಗೆ ಸೆಕೆಂಡ್ ಹ್ಯಾಂಡಲ್ಲಿ ಸಿಕ್ತು ಅಂತ ಹತ್ತು ಎಚ್‌ಪಿ ಮೋಟಾರ್ ಕೂರಿಸಿರ್ತಾರೆ, ಅದು ಜೀವನಪೂರ್ತಿ ಕಾಲುಭಾಗ ಲೋಡಲ್ಲೇ ತಿರುಗತ್ತೆ, ಅಂಥ ಮೋಟಾರಿನ ಪಿಎಫ್ 0.5 ದಾಟೋದೇ ಕಷ್ಟ. ಜಾಬ್ ಬಿಚ್ಚಿ ಕಟ್ಟೋ ಹೊತ್ತಲ್ಲಿ ಮೋಟಾರ್ ಸುಮ್ನೆ ತಿರುಗ್ತಿದ್ರೆ ಇನ್ನೂ ಕೆಳಗೆ ಹೋಗತ್ತೆ, ಅದಕ್ಕೆ ಯೂನಿಟ್ಟೂ ಹೋಗತ್ತೆ ಪಿಎಫ್ಫೂ ಹೋಗತ್ತೆ. ಯೂನಿಟ್ ಇಳಿಸ್ಬೇಕು ಅಂತ ನಿಜವಾಗ್ಲೂ ಇದ್ರೆ ಭಾನುವಾರ ಎಲ್ಲಾ ಬಂದ್ ಮಾಡಿ ಕಂಪ್ರೆಸರ್ ಒಂದೇ ಆನ್ ಮಾಡಿ ಶೆಡ್ಡಲ್ಲಿ ನಿಂತು ಕೇಳಿ, ಯಾರೂ ಗಾಳಿ ಬಳಸ್ದೇ ಇದ್ರೂ ಎಷ್ಟು ನಿಮಿಷಕ್ಕೊಂದ್ಸಲ ಮತ್ತೆ ಲೋಡ್ ತಗೊಳತ್ತೆ ಅಂತ. ಸುಸ್ ಅಂತ ಸೋರೋ ಜಾಗ ಸಿಕ್ಕೇ ಸಿಗತ್ತೆ.

ಜಿಗಣಿ_ಮೇಂಟೆನೆನ್ಸ್:

ನಮ್ದು ಪ್ಲಾಸ್ಟಿಕ್ ಮೋಲ್ಡಿಂಗ್ ಫ್ಯಾಕ್ಟರಿ, ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್. ನಿಮ್ಮ ಲೆಕ್ಕ ಬೇರೆ ನಮ್ಮ ಲೆಕ್ಕ ಬೇರೆ, ಇದನ್ನ ಓದೋ ಎಚ್‌ಟಿಯವರು ಎಪಿಎಫ್‌ಸಿ ವೇಸ್ಟು ಅಂತ ತಿಳ್ಕೊಂಡು ಬಿಡಬಾರ್ದು ಅಂತ ಬರೀತಿದೀನಿ. ಎಲ್‌ಟಿಲಿ ಫಿಕ್ಸೆಡ್ ಚಾರ್ಜ್ ಎಚ್‌ಪಿ ಅಥ್ವಾ ಕಿಲೋವ್ಯಾಟ್ ಮೇಲೆ, ಅದಕ್ಕೆ ಪಿಎಫ್ ಏರಿಸಿದ್ರೂ ಅದು ಇಳಿಯಲ್ಲ. ಎಚ್‌ಟಿಲಿ ಡಿಮ್ಯಾಂಡ್ ಚಾರ್ಜ್ ಕೆವಿಎ ಮೇಲೆ, ಅಂದ್ರೆ ಜನ ಮೂಟೆ ಎರಡೂ ಸೇರಿದ ಲೆಕ್ಕದ ಮೇಲೆ. ನಮ್ದು 241 ಕಿಲೋವ್ಯಾಟ್ ಲೋಡು, 0.86 ಇದ್ದಾಗ 280 ಕೆವಿಎ ಬರ್ತಿತ್ತು, 0.98 ಆದ್ಮೇಲೆ 246. ಒಂದೇ ಒಂದು ಮೆಷಿನ್ ನಿಲ್ಲಿಸ್ದೇ ತಿಂಗಳು ತಿಂಗಳು 34 ಕೆವಿಎ ಡಿಮ್ಯಾಂಡ್ ಬಿತ್ತು. ಬಿಲ್ಲಿಂಗ್ ಡಿಮ್ಯಾಂಡಿಗೆ ಒಂದು ಕನಿಷ್ಠ ಇರತ್ತೆ, ಅದಕ್ಕೆ ಕಾಂಟ್ರಾಕ್ಟ್ ಡಿಮ್ಯಾಂಡ್ ಜೊತೆ ಹೋಲಿಸಿ ನೋಡ್ಕೊಳ್ಬೇಕು. ಪೆನಾಲ್ಟಿ ಮಿತೀನೂ ನಮಗೆ 0.85 ಅಲ್ಲ, 0.90.

ಆದ್ರೆ ಮೊದಲ ಸಲ ಹಾಕಿಸಿದಾಗ ತುಂಬಾ ನೋವು ತಿಂದ್ವಿ. ಪ್ಯಾನೆಲ್ ಹಾಕಿದವರು ನಮ್ಮ ಲೋಡಲ್ಲಿ ಅರ್ಧಕ್ಕರ್ಧ ಡ್ರೈವ್ (ಮೋಟಾರಿನ ವೇಗ ಬದಲಿಸೋ ಎಲೆಕ್ಟ್ರಾನಿಕ್ ಸಾಧನ) ಇದೆ ಅನ್ನೋದನ್ನ ನೋಡ್ಲೇ ಇಲ್ಲ. ನಾಲ್ಕೇ ತಿಂಗಳಿಗೆ ಕೆಪಾಸಿಟರ್ ಮುಚ್ಚಳ ಉಬ್ಬಿ ಇಡ್ಲಿ ಥರ ಆಗಿತ್ತು, ವಾರಕ್ಕೊಂದು ಫ್ಯೂಸ್ ಹೋಗ್ತಿತ್ತು, ಪ್ಯಾನೆಲ್ ಬಾಗಿಲು ಮುಟ್ಟಿದ್ರೆ ಗುಂಯ್ ಅಂತ ನಡುಗೋದು ಕೈಗೇ ಗೊತ್ತಾಗ್ತಿತ್ತು. ರಾತ್ರಿ ಪಾಳಿಯ ಹುಡುಗ ಫೋನ್ ಮಾಡಿ ಸರ್ ಸುಟ್ಟ ವಾಸನೆ ಬರ್ತಿದೆ ಅಂದಾಗ ಎದ್ದು ಓಡಿದ್ದು ಇವತ್ತಿಗೂ ಮರೆತಿಲ್ಲ. ಆಮೇಲೆ ಎನರ್ಜಿ ಆಡಿಟರ್ ಒಬ್ರು ಕೂತು ಲೆಕ್ಕ ಹಾಕಿ ತೋರಿಸಿದ್ರು. ನಮ್ಮ ಟ್ರಾನ್ಸ್‌ಫಾರ್ಮರ್ 500 ಕೆವಿಎ, ನೇಮ್‌ಪ್ಲೇಟಲ್ಲಿ ಇಂಪೀಡೆನ್ಸ್ 4.5%, ಅಂದ್ರೆ ಶಾರ್ಟ್ ಸರ್ಕ್ಯೂಟ್ ಕೆವಿಎ 11,111. ಅದನ್ನ ಕೆಪಾಸಿಟರ್ 90 ಕೆವಿಎಆರ್ ಇಂದ ಭಾಗಿಸಿ ವರ್ಗಮೂಲ ತೆಗೆದ್ರೆ 11.1, ಟ್ರಾನ್ಸ್‌ಫಾರ್ಮರೂ ಕೆಪಾಸಿಟರೂ ಸೇರಿ ರೆಸೊನೆನ್ಸ್ ಆಗೋದು 50 ಹರ್ಟ್ಸಿನ ಅಷ್ಟು ಪಟ್ಟಲ್ಲಿ. ಆರು ಡಯೋಡಿನ ಮಾಮೂಲಿ ಡ್ರೈವ್ ಹುಟ್ಟಿಸೋ ಹಾರ್ಮೋನಿಕ್ಸ್, ಅಂದ್ರೆ 50 ಹರ್ಟ್ಸಿನ ಇಷ್ಟಿಷ್ಟು ಪಟ್ಟು ಬರೋ ಕರೆಂಟು, 5, 7, 11, 13. ಅಂದ್ರೆ ಪ್ಯಾನೆಲ್ಲಿನ ಎಲ್ಲಾ ಸ್ಟೆಪ್ಪೂ (ಕೆಪಾಸಿಟರ್ ಎಲ್ಲಾ) ಒಳಗೆ ಬಂದಾಗ ನಾವೇ ಕೈಯಾರೆ 11ನೇ ಹಾರ್ಮೋನಿಕ್ಕಿಗೆ ಉಯ್ಯಾಲೆ ಕಟ್ಟಿಕೊಟ್ಟಿದ್ವಿ. ಆಮೇಲೆ ಪ್ರತಿ ಸ್ಟೆಪ್ಪಿಗೂ 7% ಡಿಟ್ಯೂನ್ಡ್ ರಿಯಾಕ್ಟರ್ (ಕೆಪಾಸಿಟರ್ ಜೊತೆ ಸೀರೀಸಲ್ಲಿ ಬರೋ ಕಾಯಿಲ್) ಹಾಕಿ ಕೆಪಾಸಿಟರ್ 525 ವೋಲ್ಟಿಂದು ತಂದ್ವಿ. ರಿಯಾಕ್ಟರ್ ಸೇರಿದ್ರೆ ಟ್ಯೂನಿಂಗ್ 189 ಹರ್ಟ್ಸಿಗೆ ಬರತ್ತೆ, 5ನೇ ಹಾರ್ಮೋನಿಕ್ 250 ಹರ್ಟ್ಸ್, ಅದಕ್ಕಿಂತ ಕೆಳಗೇ ಇರೋದ್ರಿಂದ ರೆಸೊನೆನ್ಸ್ ಕಾಟ ಇಲ್ಲ. ಆವತ್ತಿಂದ ಒಂದು ಡಬ್ಬಾನೂ ಉಬ್ಬಿಲ್ಲ.

525 ವೋಲ್ಟ್ ಡಬ್ಬ ಕೊಳ್ಳೋವಾಗ ಮಾತ್ರ ಹುಷಾರು, ಕೆವಿಎಆರ್ ವೋಲ್ಟೇಜಿನ ವರ್ಗದ ಮೇಲೆ ಹೋಗತ್ತೆ. ಮೇಲೆ 25 ಅಂತ ಬರೆದಿದ್ರೂ ಆ ಡಬ್ಬ ಒಂದೇ 415ರಲ್ಲಿ ಕೊಡೋದು 15.6.

ಶೆಡ್_ಹದಿನಾಲ್ಕು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಪೆನಾಲ್ಟಿ 1,638 ಅಂತಾನೇ ಇದೆ, ಅದನ್ನ ನೋಡಿ ಮೈ ಜುಂ ಅಂತು. ಇವತ್ತು ಎಲೆಕ್ಟ್ರಿಷಿಯನ್ ಕರೆಸಿ ಟಾಂಗ್ ಹಾಕಿಸಿದೆ. ಮೇನ್ ಬೋರ್ಡ್ ಹಿಂದೆ ಧೂಳಲ್ಲಿ ನಾಲ್ಕು ಡಬ್ಬ ಸಿಕ್ತು, ನಾಲ್ಕೂ 440 ವೋಲ್ಟಿನ 5 ಕೆವಿಎಆರ್, ತಂದೆಯವರು ಇದ್ದಾಗ ಹಾಕಿಸಿದ್ದು. ಮೊದಲನೇದು 6.1, 6.2, 6.1. ಎರಡನೇದು ಮೂರೂ ಸೊನ್ನೆ, ಫ್ಯೂಸ್ ಚೆನ್ನಾಗೇ ಇದೆ. ಮೂರನೇದು ಮೂರು ಫೇಸಲ್ಲೂ 2ರ ಹತ್ರ. ನಾಲ್ಕನೇದು ಒಂದು ಫೇಸ್ 6.2, ಉಳಿದೆರಡು 3.6. ಇದೇನು ಅರ್ಥ? ಭಾನುವಾರ ಕಂಪ್ರೆಸರ್ ಒಂದೇ ಹಾಕಿ ನೋಡ್ದೆ, ಆರು ನಿಮಿಷಕ್ಕೊಂದ್ಸಲ ಲೋಡ್ ತಗೊಳ್ತಿದೆ, ಪ್ರೆಸ್ ಹಿಂದಿನ ಕಪ್ಲಿಂಗ್ ಸೋರ್ತಿತ್ತು, ಬದಲಾಯಿಸಿದೀನಿ.

ಟಾಂಗ್_ಟೆಸ್ಟರ್:

ಸರ್ ನಿಮ್ಮ ಉತ್ತರ ನಿಮ್ಮ ಬೋರ್ಡ್ ಹಿಂದೇನೇ ಇದೆ. ಎರಡನೇದು ಸತ್ತಿದೆ. ಮೂರನೇದು ಒಣಗಿದೆ, ಸೆಲ್ಫ್ ಹೀಲಿಂಗ್ ಕೆಪಾಸಿಟರ್ ಒಳಗೆ ಎಲ್ಲಾದ್ರೂ ತೂತು ಬಿದ್ರೆ ಸುತ್ತಲಿನ ಲೋಹದ ಲೇಪ ಆವಿಯಾಗಿ ತಾನೇ ವಾಸಿ ಮಾಡ್ಕೊಳತ್ತೆ, ಪ್ರತಿ ಸಲ ವಾಸಿ ಆದಾಗ ಸ್ವಲ್ಪ ಸ್ವಲ್ಪ ಶಕ್ತಿ ಕಳ್ಕೊಳತ್ತೆ. ನಾಲ್ಕನೇದ್ರಲ್ಲಿ ಒಳಗೆ ಡೆಲ್ಟಾ ಆಗಿ ಕಟ್ಟಿರೋ ಮೂರು ಕೆಪಾಸಿಟರಲ್ಲಿ ಒಂದು ಹೋಗಿದೆ, ಅದಕ್ಕೇ ಎರಡು ಫೇಸಲ್ಲಿ 6.2 ಭಾಗಿಸು ರೂಟ್ 3 ಬಂದಿರೋದು. ಒಟ್ಟು 17.8 ಕೆವಿಎಆರ್ ಕೊಡ್ಬೇಕಾದ್ದು ಈಗ ಕೊಡ್ತಿರೋದು 9ಕ್ಕಿಂತ ಕಮ್ಮಿ.

ಬರೀ ಈ ಮೂರು ಡಬ್ಬ ಬದಲಾಯಿಸಿ. 30 ಕಿಲೋವ್ಯಾಟ್ ಲೋಡಿಗೆ ನಿಮ್ಮ ಪಿಎಫ್ 0.89ಕ್ಕೆ ಬರತ್ತೆ, ಪೆನಾಲ್ಟಿ ಪೂರ್ತಿ ಹೋಗತ್ತೆ. ಎಸ್‌ಪಿ ರೋಡಲ್ಲೋ ನಿಮ್ಮ ಹತ್ರದ ಅಂಗಡೀಲೋ ಹೆವಿ ಡ್ಯೂಟಿ ಕೇಳಿ, ಐಎಸ್ 13340 ಅಂತ ಡಬ್ಬದ ಮೇಲೆ ಇದ್ಯಾ ನೋಡಿ, ತಯಾರಾದ ತಿಂಗಳು ನೋಡಿ, ಬಿಲ್ ತಗೊಳ್ಳಿ. ಚೆನ್ನಾಗಿರೋ ಡಬ್ಬ 6.2ಕ್ಕಿಂತ ಜಾಸ್ತಿ ಎಳೀತಿಲ್ಲ ಅಂದ್ರೆ ಜಿಗಣಿಯವರ ಹಾರ್ಮೋನಿಕ್ಸ್ ಕಾಟ ನಿಮಗೆ ಸದ್ಯಕ್ಕೆ ಇಲ್ಲ, ಒಂದೇ ಸಿಎನ್‌ಸಿ ತಾನೇ. ಇನ್ನೆರಡು ತಂದ್ರೆ ಅವಾಗ ಮತ್ತೆ ಅಳೆಸಿ.

ಬದಲಾಯಿಸೋವಾಗ ಆಫ್ ಮಾಡಿ ಐದು ನಿಮಿಷ ಕಾಯ್ಬೇಕು, ಆಮೇಲೆ ಮೀಟರ್ ಇಟ್ಟು ಸೊನ್ನೆ ಇದ್ಯಾ ನೋಡಿ ಟರ್ಮಿನಲ್ ಶಾರ್ಟ್ ಮಾಡಿ ಆಮೇಲೇ ಕೈ ಹಾಕ್ಬೇಕು. ಡಿಸ್ಚಾರ್ಜ್ ರೆಸಿಸ್ಟರ್ ಸುಟ್ಟು ಹೋಗಿರೋ ಡಬ್ಬ ಕರೆಂಟ್ ತೆಗೆದ ಮೇಲೂ ಹೊಡೆಯತ್ತೆ. ನನ್ನ ಜೊತೆ ಕೆಲಸ ಮಾಡ್ತಿದ್ದ ಹುಡುಗನಿಗೆ ಹೊಡೆದು ಏಣಿ ಮೇಲಿಂದ ಬಿದ್ದು ಮಣಿಕಟ್ಟು ಮುರ್ಕೊಂಡ. ಇದನ್ನ ನಿಮ್ಮ ಎಲೆಕ್ಟ್ರಿಷಿಯನ್ನಿಗೆ ಎರಡೆರಡು ಸಲ ಹೇಳಿ.

ಶೆಡ್_ಹದಿನಾಲ್ಕು:

ಮಾಡಿಸ್ದೆ ಸರ್. ಮೂರು ಡಬ್ಬಕ್ಕೆ ಆರು ಸಾವಿರದ ಒಳಗೇ ಆಯ್ತು. ಈ ತಿಂಗಳ ಬಿಲ್ಲಲ್ಲಿ 0.89, ಪೆನಾಲ್ಟಿ ಇಲ್ಲ. ಲೆಕ್ಕ ಹಾಕಿ ಹೇಳಿದ್ದೇ ಬಂತಲ್ಲ ಅಂತ ಖುಷಿ ಆಯ್ತು. ಆದ್ರೆ ಊಟದ ಹೊತ್ತಲ್ಲಿ ಮೀಟರ್ ಬಟನ್ ಒತ್ತಿ ನೋಡಿದ್ರೆ ಲೀಡ್ ಅಂತ ತೋರಿಸ್ತಿದೆ, ಅದು ತೊಂದ್ರೆನಾ? ಡಿಜಿ (ಡೀಸೆಲ್ ಜನರೇಟರ್) ಓಡಿಸಿದಾಗ ಲೈಟು ಒಂಥರಾ ಏರ್ತಾ ಇಳೀತಾ ಇರತ್ತೆ.

ಟಾಂಗ್_ಟೆಸ್ಟರ್:

ಹೌದು, ತೊಂದ್ರೇನೇ. ಮೆಷಿನ್ ನಿಂತ್ರೂ ಡಬ್ಬ ನಾಲ್ಕೂ ಲೈನಲ್ಲೇ ಇರತ್ತಲ್ಲ, ಮೂಟೆ ಈಗ ಉಲ್ಟಾ ದಿಕ್ಕಲ್ಲಿ ಬಸ್ ಹತ್ತತ್ತೆ, ಅದಕ್ಕೇ ಮಾಮೂಲಿ ಲ್ಯಾಗ್ ಹೋಗಿ ಲೀಡ್ ಅಂತ ಬರೋದು, ವೋಲ್ಟೇಜ್ ಏರತ್ತೆ. ಡಿಜಿಗಂತೂ ಲೀಡಿಂಗ್ ಲೋಡ್ ಆಗ್ಬರಲ್ಲ, ಅದರ ಎವಿಆರ್ (ವೋಲ್ಟೇಜ್ ರೆಗ್ಯುಲೇಟರ್) ವೋಲ್ಟೇಜನ್ನ ಹಿಡಿತದಲ್ಲಿ ಇಟ್ಕೊಳ್ಳೋಕೆ ಆಗಲ್ಲ. ಆಟೋಮ್ಯಾಟಿಕ್ ಬೇಕಾಗೋದು ಇದಕ್ಕೇ, ಬೇಕಾದಷ್ಟೇ ಡಬ್ಬ ಲೈನಿಗೆ ಸೇರಿಸಿ ಉಳಿದದ್ದು ತೆಗೆಯತ್ತೆ. ಈಗ ಕೇಳಿದ್ರೆ ಸಣ್ಣದೊಂದು ಎಪಿಎಫ್‌ಸಿ ಮಾಡಿಸಿ ಅಂತೀನಿ, ನಿಮ್ಮ ನಾಲ್ಕು ಡಬ್ಬಾನೇ ಬಳಸಿ ಜೊತೆಗೆ 2, 3, 10 ಕೆವಿಎಆರಿಂದು ಒಂದೊಂದು ಸೇರಿಸಿ, ಒಟ್ಟು 35, ನಮ್ಮ ವೋಲ್ಟೇಜಲ್ಲಿ 31 ಸಿಗತ್ತೆ. ಎಂಟು ಸ್ಟೆಪ್ ರಿಲೇ (ಪಿಎಫ್ ನೋಡಿ ಡಬ್ಬ ಒಳಗೆ ಹೊರಗೆ ಮಾಡೋ ಕಂಟ್ರೋಲರ್) ತಗೊಳ್ಳಿ, ಒಂದು ಖಾಲಿ ಇರ್ಲಿ. ಡಬ್ಬ ಆನ್ ಆಫ್ ಮಾಡೋ ಕಂಟ್ಯಾಕ್ಟರ್ ಮಾತ್ರ ಕೆಪಾಸಿಟರ್ ಡ್ಯೂಟೀದೇ ಬೇಕು, ಅದ್ರಲ್ಲಿ ಮೊದಲು ರೆಸಿಸ್ಟರ್ ದಾರೀಲಿ ಸೇರಿ ಆಮೇಲೆ ಮೇನ್ ಕಾಂಟ್ಯಾಕ್ಟ್ ಕೂರತ್ತೆ. ಮಾಮೂಲಿ ಮೋಟಾರ್ ಕಂಟ್ಯಾಕ್ಟರ್ ಹಾಕಿದ್ರೆ ಆನ್ ಆದ ಕ್ಷಣ ನುಗ್ಗೋ ಕರೆಂಟಿಗೆ ಅಂಟ್ಕೊಂಡು ಬಿಡತ್ತೆ. ಡಿಜಿ ಆನ್ ಆದ್ರೆ ಪ್ಯಾನೆಲ್ ತಾನೇ ಆಫ್ ಆಗೋ ಹಾಗೆ ಇಂಟರ್‌ಲಾಕ್ ಕೊಡಿಸಿ. ವೆಲ್ಡಿಂಗ್ ಸೆಟ್ಟಿನ ಹಿಂದೆ ರಿಲೇ ಓಡೋಕೆ ಹೋಗ್ಬಾರ್ದು, ಅದು ಸೆಕೆಂಡಿಗೊಂದ್ಸಲ ಬದಲಾಗತ್ತೆ, ಟೈಮ್ ಡಿಲೇ 60 ಸೆಕೆಂಡಿಗೆ ಇಡಿ.

ಶೆಡ್_ಹದಿನಾಲ್ಕು:

ಪ್ಯಾನೆಲ್ ಬಂತು, ಮೊನ್ನೆ ಕೂರಿಸಿದ್ರು. ಆದ್ರೆ ಒಂದು ವಿಚಿತ್ರ, ರಿಲೇ ಏಳೂ ಸ್ಟೆಪ್ಪನ್ನ ಒಳಗೆ ತಗೊಂಡು ಕೂತಿದೆ, ಆಚೆ ಬಿಡ್ತಾನೇ ಇಲ್ಲ, ರಿಲೇಲಿ ಇನ್ನೂ 0.72 ಲ್ಯಾಗ್ ಅಂತಿದೆ, ಬೆಸ್ಕಾಂ ಮೀಟರಲ್ಲಿ ನೋಡಿದ್ರೆ ಲೀಡ್. ಕೂರಿಸಿದವರು ರಿಲೇ ಹಾಗೇ ಸರ್, ಎರಡು ದಿನ ಬಿಟ್ರೆ ಸೆಟ್ ಆಗತ್ತೆ ಅಂತಾರೆ.

ಟಾಂಗ್_ಟೆಸ್ಟರ್:

ಎರಡು ವರ್ಷ ಬಿಟ್ರೂ ಸೆಟ್ ಆಗಲ್ಲ. ಸಿಟಿ (ಕೇಬಲ್ ಕರೆಂಟನ್ನ ರಿಲೇಗೆ ತೋರಿಸೋ ಕರೆಂಟ್ ಟ್ರಾನ್ಸ್‌ಫಾರ್ಮರ್) ಎಲ್ಲಿ ಹಾಕಿದಾರೆ ನೋಡಿ. ಮೇನ್ ಕೇಬಲ್ ಬಂದು ಪ್ಯಾನೆಲ್ಲಿಗೊಂದು, ಮೆಷಿನ್‌ಗಳಿಗೊಂದು ಅಂತ ಕವಲೊಡೆಯೋ ಜಾಗಕ್ಕಿಂತ ಮುಂಚೆ, ಮೀಟರ್ ಕಡೆಗೆ ಇರ್ಬೇಕು. ಮೆಷಿನ್ ಕಡೆಯ ಕವಲಿಗೆ ಹಾಕಿದ್ರೆ ಅದಕ್ಕೆ ಮೋಟಾರ್ ಕರೆಂಟ್ ಮಾತ್ರ ಕಾಣತ್ತೆ, ಕೆಪಾಸಿಟರ್ ಎಷ್ಟು ಸೇರಿಸಿದ್ರೂ ಅದರ ಕಣ್ಣಿಗೆ ಬೀಳಲ್ಲ, ಇನ್ನೂ ಸಾಲ್ದು ಇನ್ನೂ ಸಾಲ್ದು ಅಂತ ಎಲ್ಲಾನೂ ಎಳ್ಕೊಳತ್ತೆ. ಸಿಟಿ ಆರ್ ಫೇಸಲ್ಲಿ ಇದ್ರೆ ರಿಲೇಗೆ ವೋಲ್ಟೇಜ್ ಉಳಿದೆರಡು ಫೇಸು, ವೈ ಮತ್ತೆ ಬಿ ಇಂದ ಬರ್ಬೇಕು ಅಂತ ಸುಮಾರು ರಿಲೇಗಳ ಡ್ರಾಯಿಂಗಲ್ಲಿ ಇರತ್ತೆ, ನಿಮ್ಮ ರಿಲೇ ಡ್ರಾಯಿಂಗ್ ತೆಗೆದು ಅದನ್ನೂ ಹೋಲಿಸಿ. ರೇಶಿಯೋ ಎಷ್ಟಿದೆ? ನಿಮ್ಮ 50 ಚಿಲ್ಲರೆ ಆಂಪ್ಸಿಗೆ 400/5 ಹಾಕಿದ್ರೆ ಊಟದ ಹೊತ್ತಿನ ಸಣ್ಣ ಲೋಡ್ ರಿಲೇಗೆ ತಿಳಿಯೋದೇ ಇಲ್ಲ. 100/5 ಸಾಕು. ಇನ್ನೊಂದು ಮಾತು, ಲೈನ್ ಓಡ್ತಿರೋವಾಗ ಸಿಟಿ ಸೆಕೆಂಡರಿ ವೈರ್ ಬಿಚ್ಚೋ ಹಾಗೇ ಇಲ್ಲ, ಮೇನ್ ಆಫ್ ಮಾಡಿಸಿ.

ಶೆಡ್_ಹದಿನಾಲ್ಕು:

ಸರ್ ನೀವು ಹೇಳಿದ್ದೇ. ಮೆಷಿನ್ ಕಡೆ ಬಸ್‌ಬಾರಿಗೆ ಹಾಕಿದ್ರು, ರೇಶಿಯೋ 200/5 ಇತ್ತು. ನಾನೇ ಪಕ್ಕದಲ್ಲಿ ನಿಂತು ಮೀಟರ್ ಕಡೆಗೆ ಮಾಡಿಸಿ 100/5 ಹಾಕಿಸ್ದೆ. ಬೆಳಿಗ್ಗೆ ಎಲ್ಲಾ ಮೆಷಿನ್ ಶುರು ಆದಾಗ ಟಕ್ ಅಂತ ಒಂದು, ಒಂದು ನಿಮಿಷ ಬಿಟ್ಟು ಇನ್ನೊಂದು, ಹಾಗೇ ಒಂದೊಂದಾಗಿ ಕೂರೋದನ್ನ ಹುಡುಗರೆಲ್ಲಾ ನಿಂತು ನೋಡಿದ್ರು. ಮೇನ್ ಕೇಬಲ್ಲಲ್ಲಿ 53 ಇದ್ದಿದ್ದು 42 ಆಂಪ್ಸ್ ಆಗಿದೆ. ಯೂನಿಟ್ ನೀವು ಹೇಳಿದ ಹಾಗೆ ಹೆಚ್ಚುಕಮ್ಮಿ ಅಷ್ಟೇ ಇದೆ, ಕಂಪ್ರೆಸರ್ ಸೋರೋದು ನಿಂತಿದ್ದಕ್ಕೆ ಸ್ವಲ್ಪ ಇಳಿದಿರ್ಬೇಕು. ಈಗ ಒಂದೂ ಕಾಲು, ಹುಡುಗರು ಊಟಕ್ಕೆ ಹೋಗಿದಾರೆ, ಮೀಟರ್ ಮುಂದೇನೇ ನಿಂತು ಬರೀತಿದೀನಿ, 0.96 ಲ್ಯಾಗ್, 2 ಮತ್ತೆ 3ರ ಸ್ಟೆಪ್ ಮಾತ್ರ ಒಳಗಿದೆ.